ಅಟ್ಟಣಿಗೆ ಮೇಲೆ ಕೂತ ಸಿನಿಮಾ ಸಾಹುಕಾರ

ಭಾನುವಾರ ಬೆಳಗ್ಗೆ ಕೆರೆ ಹತ್ರ ಹಕ್ಕಿ ಫೋಟೋ ತೆಗೆಯೋಕೆ ಹೋಗೋರು ನಮ್ಮಲ್ಲಿ ನಾಲ್ಕೈದು ಜನ ಇದ್ದೀವಿ. ಹತ್ತು ನಿಮಿಷ ಹಕ್ಕಿ ಬರದಿದ್ರೆ ಸಾಕು, ಎಲ್ಲರೂ ಫೋನ್ ತೆಗೀತೀವಿ. ಅದಕ್ಕೇ ಈ ಸಲ ಕಾಯೋದು ಗೊತ್ತಿದ್ದ ಒಬ್ಬರ ಬಗ್ಗೆ ಬರೀತಿದ್ದೀವಿ. ಅವರು ಸಿಂಗಾಪುರದ ಲೋಕ್ ವಾನ್ ಥೋ.

ಹುಟ್ಟಿದ್ದು 1915ರಲ್ಲಿ, ಕ್ವಾಲಾಲಂಪುರದಲ್ಲಿ. ಅಪ್ಪ ಲೋಕ್ ಯೂ ಚೀನಾದಿಂದ ಬಂದು ತವರದ ಗಣಿಗಳಲ್ಲಿ ದುಡ್ಡು ಮಾಡಿದವರು. ಮಗನಿಗೆ ಎರಡು ವರ್ಷ ತುಂಬೋ ಮೊದಲೇ ತೀರಿಕೊಂಡರು. ಹುಡುಗ ಸ್ವಿಟ್ಜರ್ಲೆಂಡಲ್ಲಿ, ಆಮೇಲೆ ಕೇಂಬ್ರಿಡ್ಜಲ್ಲಿ ಓದಿದರು. 1939ರಲ್ಲಿ ಸಿಂಗಾಪುರದಲ್ಲಿ ಅವರ ಕ್ಯಾಥೇ ಚಿತ್ರಮಂದಿರ ಶುರುವಾಯ್ತು. ಆಗಿನ ಕಾಲಕ್ಕೇ ಅದು ಏಸಿ ಥಿಯೇಟರ್!

1942ರಲ್ಲಿ ಜಪಾನ್ ಸೇನೆ ಸಿಂಗಾಪುರದ ಬಾಗಿಲಿಗೆ ಬಂದಾಗ ಲೋಕ್ ಹಡಗು ಹತ್ತಿದರು. ದಾರಿಯಲ್ಲಿ ಹಡಗಿನ ಮೇಲೆ ಬಾಂಬ್ ಬಿತ್ತು. ಮೈ ಸುಟ್ಟುಹೋಯ್ತು, ಸ್ವಲ್ಪ ಕಾಲ ಕಣ್ಣೂ ಕಾಣದಂತಾಯ್ತು. ಹೇಗೋ ಜೀವ ಉಳಿಸಿಕೊಂಡು ಭಾರತಕ್ಕೆ ಬಂದರು. ಇಲ್ಲಿ ಸಿಕ್ಕವರು ಸಲೀಂ ಅಲಿ. ಹೌದು, 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮ ಆಗೋದಕ್ಕೆ ಕಾರಣರಾದ ಅದೇ ಸಲೀಂ ಅಲಿ. ಕುರುಡಾಗೋದರಿಂದ ಪಾರಾಗಿ ಬಂದ ಮನುಷ್ಯ ಅವರ ಜೊತೆ ಕಾಡು ಸುತ್ತುತ್ತಾ ಹಕ್ಕಿ ನೋಡೋದನ್ನ ಕಲಿತರು. ಮುಂದೆ ಸಲೀಂ ಅಲಿಯವರ ಎಷ್ಟೋ ಯಾತ್ರೆಗಳಿಗೆ ದುಡ್ಡು ಕೊಟ್ಟವರೂ ಇವರೇ.

ಯುದ್ಧ ಮುಗಿದ ಮೇಲೆ ವ್ಯಾಪಾರ ಮತ್ತೆ ಬೆಳೆಯಿತು. ಆದ್ರೆ ಬಿಡುವು ಸಿಕ್ಕಾಗ ಸಾಹುಕಾರರು ಹೋಗ್ತಿದ್ದದ್ದು ಹಕ್ಕಿಗಳ ಹತ್ರ. ಮಲಯಾ ಕರಾವಳಿಯ ಮ್ಯಾಂಗ್ರೋವ್ ಅಂದ್ರೆ ನಮ್ಮ ಕುಂದಾಪುರದ ಕಡೆಯವರು ಹೇಳೋ ಕಾಂಡ್ಲಾ ಕಾಡು. ನೀರು ಇಳಿದಾಗ ಕೆಸರು ತೆರೆದುಕೊಳ್ಳುತ್ತೆ, ಬೆಳ್ಳಕ್ಕಿಗಳು ಮೇಯೋಕೆ ಇಳೀತವೆ. ನೀರು ಏರಿದ್ರೆ ಆಟ ಮುಗೀತು. ಅಲ್ಲಿ ಟೈಮ್‌ಟೇಬಲ್ ಸಮುದ್ರದ್ದು, ನಮ್ಮದಲ್ಲ.

ಈಗಿನಂಥ ಜೂಮ್ ಲೆನ್ಸ್ ಆಗ ಇರಲಿಲ್ಲ, ಹತ್ತಿರವೇ ಹೋಗಬೇಕಿತ್ತು. ಗೂಡಿನ ಪಕ್ಕ ಹೈಡ್, ಅಂದ್ರೆ ಬಟ್ಟೆ ಮುಚ್ಚಿದ ಗೂಡಾರ ಕಟ್ಟಿ ಒಳಗೆ ಅಲುಗಾಡದೆ ಕೂರಬೇಕು. ಅದನ್ನೂ ದಿನಕ್ಕಿಷ್ಟು ಅಂತ ನಿಧಾನವಾಗಿ ಹತ್ತಿರ ತರಬೇಕು. ಅವಸರ ಮಾಡಿದ್ರೆ ತಾಯಿ ಹಕ್ಕಿ ಗೂಡನ್ನೇ ಬಿಟ್ಟುಹೋಗಬಹುದು. ಬಿಳಿ ಹೊಟ್ಟೆಯ ಕಡಲಹದ್ದು ಗೂಡು ಕಟ್ಟೋದು ತುಂಬಾ ಎತ್ತರದ ಮರದಲ್ಲಿ. ಅದರ ಫೋಟೋಗೆ ಲೋಕ್ ಎತ್ತರದ ಅಟ್ಟಣಿಗೆಯನ್ನೇ ಕಟ್ಟಿಸಿದರು. ದುಡ್ಡಿಂದ ಅಟ್ಟಣಿಗೆ ಬಂತು, ಹದ್ದು ಮಾತ್ರ ತನ್ನ ಟೈಮಿಗೇ ಬರೋದು. ರೀಲ್ ತೊಳೆಯೋವರೆಗೂ ಫೋಟೋ ಬಂದಿದೆಯಾ ಅಂತಾನೂ ಗೊತ್ತಾಗ್ತಿರಲಿಲ್ಲ. ಈ ಹಕ್ಕಿಗಳದ್ದೇ ಪುಸ್ತಕ 1957ರಲ್ಲಿ ಬಂತು, ಹೆಸರು ‘ಎ ಕಂಪನಿ ಆಫ್ ಬರ್ಡ್ಸ್’.

1964ರ ಜೂನಲ್ಲಿ ಚಿತ್ರೋತ್ಸವಕ್ಕೆ ಅಂತ ತೈವಾನಿಗೆ ಹೋಗಿದ್ದರು. 20ನೇ ತಾರೀಖು ಅವರಿದ್ದ ವಿಮಾನ ಬಿತ್ತು, ಜೊತೆಯಲ್ಲಿದ್ದ ಹೆಂಡತಿಯೂ ಉಳಿಯಲಿಲ್ಲ. ಅವರಿಗೆ ಆಗ 49 ವರ್ಷ.

ಬಾಂಬ್ ಬಿದ್ದ ಹಡಗಿಂದ ಬಿದ್ದ ವಿಮಾನದವರೆಗೆ ಅವರಿಗೆ ಸಿಕ್ಕಿದ್ದು 22 ವರ್ಷ. ಅದರಲ್ಲಿ ಎಷ್ಟು ಗಂಟೆ ಗೂಡಾರದೊಳಗೆ ಸುಮ್ಮನೆ ಕೂತು ಕಳೆದಿರಬಹುದು! ಆ ಗಂಟೆಗಳು ವೇಸ್ಟ್ ಅಂತ ನಮಗಂತೂ ಅನ್ನಿಸಲಿಲ್ಲ.

ಅದೇ ಕಡಲಹದ್ದು ನಮ್ಮ ಕಾರವಾರದ ಕಡಲಲ್ಲೂ ಇದೆ. ಸೆಮ್ ರಜೆಗೆ ಹೋಗೋಣ ಅಂತಿದ್ದೀವಿ. ಈಗ ಒಳ್ಳೆ ಲೆನ್ಸ್ ಇವೆ, ಗೂಡಿನ ಹತ್ರ ಹೋಗೋ ಅಗತ್ಯವೇ ಇಲ್ಲ. ದೂರದಲ್ಲಿ ಕೂರೋಣ. ಬರೋರು ಫೋನ್ ಬ್ಯಾಗಲ್ಲಿಟ್ಟು ಬನ್ನಿ.