ಟಿಪ್ಪು ವಂಶದ ಧೀರೆ ನೂರ್ ಇನಾಯತ್ ಖಾನ್

‘ಎನೋಲಾ ಹೋಮ್ಸ್’ ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಷರ್ಲಾಕ್ ಹೋಮ್ಸ್‌ನ ತಂಗಿಯಾದ ಹದಿನಾರರ ಹುಡುಗಿ ಅಣ್ಣಂದಿರ ಮಾತು ಮೀರಿ ಲಂಡನ್ನಿಗೆ ಓಡಿಹೋಗುತ್ತಾಳೆ, ವೇಷ ಮರೆಸಿಕೊಂಡು ರಹಸ್ಯಗಳನ್ನು ಭೇದಿಸುತ್ತಾಳೆ. ಅದು ಕಟ್ಟುಕಥೆ. ಆದರೆ ಹೆಸರು ಬದಲಿಸಿಕೊಂಡು ಶತ್ರುಗಳ ನಡುವೆಯೇ ಬದುಕಿದ ನಿಜವಾದ ಹೆಣ್ಣುಮಗಳೊಬ್ಬಳಿದ್ದಳು. ಅವಳ ವಂಶದ ಬೇರು ನಮ್ಮ ನೆರೆಯಲ್ಲೇ ಇದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ದೇವನಹಳ್ಳಿ ಹಜರತ್ ಟಿಪ್ಪು ಸುಲ್ತಾನರು ಹುಟ್ಟಿದ ಊರು. ನಮ್ಮ ನಂದಿಬೆಟ್ಟದ ಮೇಲೆ ಅವರ ಬೇಸಿಗೆ ಅರಮನೆಯಿದೆ. ಅದೇ ವಂಶದ ಕುಡಿ ನೂರುನ್ನಿಸಾ ಇನಾಯತ್ ಖಾನ್.

ನೂರ್‌ಳ ತಂದೆ ಹಜರತ್ ಇನಾಯತ್ ಖಾನ್ ಬರೋಡಾದವರು, ಸಂಗೀತಗಾರರು, ಸೂಫಿ ಗುರುಗಳು. ಅವರ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಗೌರವ ಪಡೆದ ವಿದ್ವಾಂಸರು. ಅವರ ಪತ್ನಿ ಟಿಪ್ಪು ಮನೆತನದವರೆಂದು ಕುಟುಂಬದ ಹಿರಿಯರು ಹೇಳುತ್ತಾ ಬಂದಿದ್ದಾರೆ. ಇನಾಯತ್ ಖಾನರು ಸಂಗೀತ ಮತ್ತು ಸೂಫಿ ಸಂದೇಶದೊಂದಿಗೆ ವಿದೇಶಕ್ಕೆ ಹೋದರು. ಅಮೆರಿಕದ ಓರಾ ರೇ ಬೇಕರ್ ಅವರನ್ನು ಮದುವೆಯಾದರು. ಮದುವೆಯ ನಂತರ ಅವರ ಹೆಸರು ಅಮೀನಾ ಬೇಗಂ. ಈ ದಂಪತಿಯ ಹಿರಿಯ ಮಗಳಾಗಿ ನೂರ್ 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿದಳು. ಬೆಳೆದದ್ದು ಪ್ಯಾರಿಸ್ ಬಳಿಯ ಸುರೇನ್‌ನಲ್ಲಿ.

1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡರು. ತಾಯಿ ದುಃಖದಲ್ಲಿ ಕುಗ್ಗಿಹೋದರು. ಇಬ್ಬರು ತಮ್ಮಂದಿರು ಮತ್ತು ಒಬ್ಬ ತಂಗಿಯ ಜವಾಬ್ದಾರಿ ಹದಿಮೂರು ವರ್ಷದ ನೂರ್ ಮೇಲೆ ಬಿತ್ತು. ಮನೆ ನೋಡಿಕೊಳ್ಳುತ್ತಲೇ ಆಕೆ ಓದಿದಳು. ಸಾರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಕಲಿತಳು, ಹಾರ್ಪ್ ನುಡಿಸಲು ಕಲಿತಳು, ಮಕ್ಕಳಿಗಾಗಿ ಕಥೆ ಬರೆದಳು. ಇಪ್ಪತ್ತು ಜಾತಕ ಕಥೆಗಳ ಆಕೆಯ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಮರುವರ್ಷ ಹಿಟ್ಲರನ ಸೇನೆ ಫ್ರಾನ್ಸಿಗೆ ನುಗ್ಗಿತು. ಕುಟುಂಬ ಇಂಗ್ಲೆಂಡಿಗೆ ಹೊರಟುಹೋಯಿತು. ಮನೆಯಲ್ಲಿ ಅಹಿಂಸೆಯ ಪಾಠ ಕೇಳಿ ಬೆಳೆದವರಾದರೂ, ಅನ್ಯಾಯದ ಎದುರು ಸುಮ್ಮನೆ ಕೂರಬಾರದು ಎಂದು ನೂರ್ ಮತ್ತು ತಮ್ಮ ವಿಲಾಯತ್ ನಿರ್ಧರಿಸಿದರು. 1940ರ ನವೆಂಬರಿನಲ್ಲಿ ನೂರ್ ಬ್ರಿಟಿಷ್ ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕೆಲಸ ಕಲಿತಳು. ಸೇವೆಯಲ್ಲಿದ್ದುಕೊಂಡೇ, ಯುದ್ಧ ಮುಗಿದ ಮೇಲೆ ತಾನು ಭಾರತದ ಸ್ವಾತಂತ್ರ್ಯದ ಪರ ನಿಲ್ಲುವೆನೆಂದು ಬ್ರಿಟಿಷ್ ಅಧಿಕಾರಿಗಳ ಎದುರಿಗೇ ಹೇಳಿದ್ದಳು.

ಫ್ರೆಂಚ್ ಮತ್ತು ವೈರ್‌ಲೆಸ್ ಎರಡೂ ಬಲ್ಲವರು ವಿರಳವಾಗಿದ್ದರಿಂದ 1943ರಲ್ಲಿ ಗುಪ್ತ ಕಾರ್ಯಾಚರಣೆಯ ಇಲಾಖೆ ಆಕೆಯನ್ನು ಆರಿಸಿಕೊಂಡಿತು. ಅಂಜುವ ಸ್ವಭಾವ, ಸುಳ್ಳು ಹೇಳಲು ಬಾರದು, ಈ ಕೆಲಸಕ್ಕೆ ತಕ್ಕವಳಲ್ಲ ಎಂದು ಕೆಲವು ತರಬೇತುದಾರರು ಭಾವಿಸಿದರು. ಆದರೂ ಆ ವರ್ಷ ಜೂನ್ 16ರ ರಾತ್ರಿ ಆಕೆ ಚಿಕ್ಕ ವಿಮಾನದಲ್ಲಿ ಫ್ರಾನ್ಸಿಗೆ ಇಳಿದಳು. ಶತ್ರುವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ನಿನಿಂದ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ನೂರ್. ಗುಪ್ತನಾಮ ಮ್ಯಾಡಲೀನ್.

ಕೆಲವೇ ದಿನಗಳಲ್ಲಿ ಆಕೆಯ ತಂಡದವರು ಒಬ್ಬೊಬ್ಬರಾಗಿ ಸೆರೆಯಾದರು. ಹಿಂತಿರುಗಿ ಬಾ ಎಂದು ಲಂಡನ್ ಕರೆಯಿತು. ತಾನು ಹೊರಟರೆ ಪ್ಯಾರಿಸ್ಸಿನಿಂದ ಸುದ್ದಿ ಕಳಿಸುವವರೇ ಇರುವುದಿಲ್ಲವೆಂದು ನೂರ್ ಒಪ್ಪಲಿಲ್ಲ. ಭಾರದ ಯಂತ್ರವನ್ನು ಸೂಟ್‌ಕೇಸಿನಲ್ಲಿ ಹೊತ್ತು, ಕೂದಲ ಬಣ್ಣ ಬದಲಿಸಿಕೊಂಡು, ಮನೆಯಿಂದ ಮನೆಗೆ ಅಲೆದಳು. ಒಂದೇ ಕಡೆ ಹೆಚ್ಚು ಹೊತ್ತು ಸಂದೇಶ ಕಳಿಸಿದರೆ ಜರ್ಮನ್ನರ ವಾಹನಗಳು ತರಂಗ ಹಿಡಿದು ಜಾಗ ಪತ್ತೆಮಾಡುತ್ತಿದ್ದವು. ಇಂಥ ಕೆಲಸದವರು ಆರು ವಾರ ಉಳಿಯುವುದೇ ಕಷ್ಟ ಎನ್ನುತ್ತಿದ್ದ ಕಾಲದಲ್ಲಿ ಆಕೆ ಸುಮಾರು ನಾಲ್ಕು ತಿಂಗಳು ದುಡಿದಳು.

ಅಕ್ಟೋಬರಿನಲ್ಲಿ ದ್ರೋಹಕ್ಕೆ ಬಲಿಯಾಗಿ ಸಿಕ್ಕಿಬಿದ್ದಳು. ಕಳಿಸಿದ ಸಂದೇಶಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದದ್ದು ಆಕೆಯ ದೊಡ್ಡ ತಪ್ಪು. ಅದನ್ನು ಬಳಸಿ ಜರ್ಮನ್ನರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು. ಲಂಡನ್ ನಂಬಿತು. ಹೊಸದಾಗಿ ಬಂದ ಹಲವರು ನೇರವಾಗಿ ಶತ್ರುಗಳ ಕೈಗೆ ಬಿದ್ದರು. ಆದರೆ ಆಕೆಯ ಬಾಯಿಂದ ಮಾತ್ರ ಏನೂ ಹೊರಬರಲಿಲ್ಲ. ಇದನ್ನು ಯುದ್ಧದ ನಂತರ ಜರ್ಮನ್ ಅಧಿಕಾರಿಯೇ ಒಪ್ಪಿಕೊಂಡ. ನೂರ್ ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದಳು. ಇನ್ನು ಓಡುವುದಿಲ್ಲವೆಂದು ಬರೆದುಕೊಡಲು ಒಪ್ಪದಿದ್ದಾಗ ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಸಾಗಿಸಿ, ಹತ್ತು ತಿಂಗಳ ಕಾಲ ಸರಪಳಿಯಲ್ಲಿ ಕೂಡಿಟ್ಟರು. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಇನ್ನೂ ಮೂವರು ಮಹಿಳೆಯರೊಂದಿಗೆ ಗುಂಡಿಟ್ಟು ಕೊಂದರು. ಆಗ ಆಕೆಗೆ ಮೂವತ್ತು ವರ್ಷ.

ಫ್ರಾನ್ಸ್ ಕ್ರುವಾ ದ ಗೆರ್ ಪದಕವನ್ನೂ, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನೂ ನೀಡಿ ಗೌರವಿಸಿದವು. ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ 2012ರಲ್ಲಿ ಆಕೆಯ ಪ್ರತಿಮೆ ನಿಂತಿತು.

ನಮ್ಮ ಮನೆಗಳಲ್ಲಿ ಅಮಾನತ್ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತೇವೆ. ನಂಬಿ ಒಪ್ಪಿಸಿದ್ದನ್ನು ಕೈಬಿಡಬಾರದು ಎಂದು ಹಿರಿಯರು ಹೇಳಿಕೊಡುತ್ತಾರೆ. ಹದಿಮೂರರಲ್ಲಿ ತಮ್ಮಂದಿರು, ತಂಗಿ; ಇಪ್ಪತ್ತೊಂಬತ್ತರಲ್ಲಿ ಒಂದು ವೈರ್‌ಲೆಸ್ ಯಂತ್ರ; ಕೊನೆಗೆ ಸಂಗಾತಿಗಳ ಹೆಸರುಗಳು. ಇವೇ ನೂರ್‌ಗೆ ಸಿಕ್ಕ ಅಮಾನತ್. ಆಕೆ ಹುಟ್ಟಾ ಧೈರ್ಯವಂತೆಯಲ್ಲ, ತಪ್ಪು ಮಾಡದವಳೂ ಅಲ್ಲ. ಓಡಿಹೋಗಲು ಅವಕಾಶವಿದ್ದಾಗ ನಿಂತಳು, ಅಷ್ಟೇ. ನಿನ್ನಿಂದ ಆಗದು ಎಂಬ ಮಾತು ಕೇಳಿ ಮನೆಗೆ ಮರಳಿದ ಪ್ರತಿ ವಿದ್ಯಾರ್ಥಿನಿಯೂ ಒಮ್ಮೆ ನೂರ್‌ಳನ್ನು ನೆನೆಯಲಿ.