ಪತಂಗದ ಕರೆಯ ಬೆನ್ನು ಹತ್ತಿದ ಫಾಬ್ರೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ದಕ್ಷಿಣ ಫ್ರಾನ್ಸಿನ ಸೆರಿನ್ಯಾನ್ ಎಂಬ ಹಳ್ಳಿ. ಮೇ 6ರ ಬೆಳಿಗ್ಗೆ ಅಲ್ಲಿನ ಮನೆಯೊಂದರ ಪ್ರಯೋಗಶಾಲೆಯಲ್ಲಿ ಹೆಣ್ಣು ಪತಂಗವೊಂದು ಗೂಡಿನಿಂದ ಹೊರಬಂದಿತು. ಮನೆಯ ಯಜಮಾನರು ಅದನ್ನು ತಂತಿಬಲೆಯ ಮುಚ್ಚಳದಡಿ ಇರಿಸಿದರು. ರಾತ್ರಿ ಒಂಬತ್ತರ ಸುಮಾರಿಗೆ ಪುಟ್ಟ ಮಗ ಪಾಲ್ ತಂದೆಯನ್ನು ಕೂಗತೊಡಗಿದ. ಮೋಂಬತ್ತಿ ಹಿಡಿದು ಒಳಹೋದಾಗ ಹಕ್ಕಿಗಾತ್ರದ ಗಂಡು ಪತಂಗಗಳು ಆ ಬಲೆಯನ್ನು ಸುತ್ತುವರಿದಿದ್ದವು. ಆ ಒಂದೇ ರಾತ್ರಿ ಬಂದವು ಸುಮಾರು 40. ಎಂಟು ರಾತ್ರಿಗಳಲ್ಲಿ ಒಟ್ಟು 150.

ಕತ್ತಲಲ್ಲಿ, ಸದ್ದೇ ಇಲ್ಲದೆ, ಅವುಗಳನ್ನು ಕರೆದದ್ದು ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿದ ಯಜಮಾನರೇ ಕೀಟಲೋಕದ ಕಥೆಗಾರರೆಂದು ಜಗತ್ತಿಗೆ ಪರಿಚಿತರಾದ ಜೀನ್ ಹೆನ್ರಿ ಫಾಬ್ರೆ.

ಫಾಬ್ರೆ ಜನಿಸಿದ್ದು 1823ರ ಡಿಸೆಂಬರಿನಲ್ಲಿ, ಸೇಂಟ್ ಲಿಯೋನ್ಸ್ ಎಂಬ ಕುಗ್ರಾಮದ ಬಡ ಕುಟುಂಬದಲ್ಲಿ. ವಿದ್ಯಾರ್ಥಿವೇತನದ ಬಲದಿಂದ ಓದಿ ಶಾಲಾ ಉಪಾಧ್ಯಾಯರಾದರು. ಮುಂದೆ ಅವಿನ್ಯೋನ್ ನಗರದಲ್ಲಿ ಬೋಧಿಸುತ್ತಿದ್ದಾಗ, 1865ರಲ್ಲಿ, ರೇಷ್ಮೆ ಹುಳುಗಳ ರೋಗದ ಬಗ್ಗೆ ಅಧ್ಯಯನಕ್ಕೆಂದು ಲೂಯಿ ಪ್ಯಾಶ್ಚರ್ ಇವರ ಮನೆಗೆ ಬಂದಿದ್ದರು. ರೇಷ್ಮೆಗೂಡಿನೊಳಗೆ ಏನಿರುತ್ತದೆಂಬುದೂ ಆ ಮಹಾವಿಜ್ಞಾನಿಗೆ ಅಂದು ತಿಳಿದಿರಲಿಲ್ಲ.

ಸಂಬಳ ಸಾಲದಿದ್ದ ಫಾಬ್ರೆ ಮಂಜಿಷ್ಠ ಬೇರಿನಿಂದ ಶುದ್ಧ ಕೆಂಪು ಬಣ್ಣ ತೆಗೆಯುವ ವಿಧಾನಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದರು. ಅಷ್ಟರಲ್ಲಿ ಜರ್ಮನಿಯಲ್ಲಿ ಕೃತಕ ಬಣ್ಣ ತಯಾರಾಗಿ ಆ ಆಸೆಯೂ ಕಮರಿತು. ಸಂಜೆಯ ಉಚಿತ ತರಗತಿಗಳಲ್ಲಿ ಯುವತಿಯರಿಗೆ ಹೂವಿನ ಪರಾಗಸ್ಪರ್ಶವನ್ನು ವಿವರಿಸಿದ್ದು ಸಂಪ್ರದಾಯಸ್ಥರ ಕಣ್ಣು ಕೆಂಪಾಗಿಸಿತು. 1870ರ ಸುಮಾರಿಗೆ ಮನೆಯ ಒಡತಿಯರು ಒಂದೇ ತಿಂಗಳ ಗಡುವು ನೀಡಿ ಮನೆ ಬಿಡಿಸಿದರು. ಅಧ್ಯಾಪಕ ವೃತ್ತಿಯೂ ಕೊನೆಗೊಂಡಿತು. ಕೈಯಲ್ಲಿ ಕಾಸಿಲ್ಲದ ಆ ಹೊತ್ತಿನಲ್ಲಿ 3,000 ಫ್ರಾಂಕ್ ಸಾಲ ನೀಡಿ ನೆರವಾದವರು ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಮಕ್ಕಳ ವಿಜ್ಞಾನ ಪುಸ್ತಕಗಳನ್ನು ಬರೆದು ಫಾಬ್ರೆ ಆ ಋಣ ತೀರಿಸಿದರು. 1877ರಲ್ಲಿ, ಕೀಟಗಳ ಹುಡುಕಾಟದಲ್ಲಿ ಜೊತೆಗಾರನಾಗಿದ್ದ ಮಗ ಜೂಲ್ಸ್ ಹದಿಹರೆಯದಲ್ಲೇ ತೀರಿಕೊಂಡ.

1879ರಲ್ಲಿ ಸೆರಿನ್ಯಾನ್‌ನಲ್ಲಿ ಕಲ್ಲು ಮುಳ್ಳುಗಳ ಒಂದು ತುಂಡು ನೆಲ ಕೊಂಡರು. ಉಳುವವರಿಗೆ ಬೇಡವಾದ ಆ ಬಂಜರೇ ಅವರ ಪ್ರಯೋಗಶಾಲೆ. ಪತಂಗದ ಒಗಟನ್ನು ಅವರು ಬಿಡಿಸಲು ಹೊರಟದ್ದು ಇಲ್ಲಿಯೇ. ಹೆಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿದರೆ ಒಂದೂ ಗಂಡು ಬರಲಿಲ್ಲ. ಮುಚ್ಚಳ ತುಸು ಸಡಿಲವಾದರೆ, ಡಬ್ಬಿಯನ್ನು ಎಲ್ಲಿ ಅಡಗಿಸಿದರೂ ಬಂದವು. ಸುತ್ತ ನಾಫ್ತಲೀನಿನ ಘಾಟು ತುಂಬಿದರೂ ದಾರಿ ತಪ್ಪಲಿಲ್ಲ.

ಮುಂದೆ ತರಕಾರಿ ತರುತ್ತಿದ್ದ ಏಳು ವರ್ಷದ ಹುಡುಗನೊಬ್ಬ ಇನ್ನೊಂದು ಜಾತಿಯ ಪತಂಗದ ಗೂಡು ತಂದುಕೊಟ್ಟ. ಅದರಿಂದ ಹೊರಬಂದ ಹೆಣ್ಣನ್ನು ಗಾಜಿನ ಗಂಟೆಯೊಳಗೆ, ಕಣ್ಣಿಗೆ ಕಾಣುವಂತೆ ಇಟ್ಟರು. ಹಾರಿಬಂದ ಗಂಡುಗಳು ಅದರತ್ತ ತಿರುಗಿಯೂ ನೋಡದೆ, ಅದು ಹಿಂದಿನ ರಾತ್ರಿ ಕುಳಿತಿದ್ದ, ಈಗ ಮೂಲೆಯಲ್ಲಿದ್ದ ಬರಿದಾದ ಬಲೆಗೇ ಮುತ್ತಿದವು. ಅಂದರೆ ಕರೆ ಕಣ್ಣಿಗಲ್ಲ, ಮೂಗಿಗೆ. ಆದರೂ ಅಷ್ಟು ದೂರ ಸೂಕ್ಷ್ಮ ಕಣಗಳು ತಲುಪುವುದನ್ನು ನಂಬಲಾಗದೆ, ವಾಸನೆಗೂ ಬೆಳಕಿನಂತೆ ಅಲೆಗಳಿರಬಹುದೇ ಎಂದು ಅವರು ಊಹಿಸಿದರು.

ಧ್ವನಿಯ ವಿಷಯದಲ್ಲೂ ಅವರು ಎಡವಿದ್ದುಂಟು. ಸಿಕಾಡ ಎಂಬ ಜೀರುಂಡೆ ಹಾಡುತ್ತಿದ್ದ ಮರದಡಿಯಲ್ಲಿ ಊರಹಬ್ಬದ ಎರಡು ಕದಿನಿಗಳನ್ನು ಸಿಡಿಸಿದರು. ಹಾಡು ನಿಲ್ಲಲಿಲ್ಲ. ಜೀರುಂಡೆಗೆ ಕಿವಿ ಕೇಳಿಸದು ಎಂದು ಅವರು ತೀರ್ಮಾನಿಸಿದರು. ಅದರ ಹೊಟ್ಟೆಯ ಭಾಗದಲ್ಲಿ ಕಿವಿಯುಂಟು, ಅದು ಮುಖ್ಯವಾಗಿ ತನ್ನ ಜಾತಿಯ ಹಾಡಿಗೆ ಹೊಂದಿಕೊಂಡಿದೆ ಎಂಬುದು ಮುಂದೆ ತಿಳಿದ ಸಂಗತಿ.

ಕೀಟಗಳ ಕುರಿತ ಅವರ ಹತ್ತು ಸಂಪುಟಗಳು 1879ರಿಂದ 1907ರ ನಡುವೆ ಹೊರಬಂದವು. ಡಾರ್ವಿನ್ ಅವರ ವೀಕ್ಷಣೆಯನ್ನು ಮೆಚ್ಚಿದರು. ಫಾಬ್ರೆ ಮಾತ್ರ ಡಾರ್ವಿನ್ನರ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಕೀರ್ತಿ ಬಂದದ್ದು ತಡವಾಗಿ. 1913ರಲ್ಲಿ ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ಹಳ್ಳಿಗೇ ಬಂದು ಗೌರವಿಸಿದಾಗ ಅವರಿಗೆ 89 ವರ್ಷ. 1915ರ ಅಕ್ಟೋಬರ್ 11ರಂದು ನಿಧನರಾದರು. ಅವರ ಮನೆ ಮತ್ತು ತೋಟ ಇಂದು ವಸ್ತುಸಂಗ್ರಹಾಲಯ.

ಒಗಟಿಗೆ ಉತ್ತರ ದೊರೆತದ್ದು 1959ರಲ್ಲಿ. ಜರ್ಮನಿಯ ಅಡಾಲ್ಫ್ ಬ್ಯುಟೆನಂಟ್ ತಂಡ ಸುಮಾರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ ಗಂಡನ್ನು ಸೆಳೆಯುವ ರಾಸಾಯನಿಕವನ್ನು ಬೇರ್ಪಡಿಸಿತು. ಅಲೆಯಲ್ಲ, ಕಣವೇ ಎಂಬುದು ಖಚಿತವಾಯಿತು. ಇಂಥ ವಸ್ತುಗಳಿಗೆ ಫೆರೊಮೋನ್ ಎಂಬ ಹೆಸರು ಬಂದದ್ದೂ ಅದೇ ವರ್ಷ. ಕಲಬುರಗಿಯ ತೊಗರಿ ಹೊಲಗಳಲ್ಲಿ ಕಾಯಿಕೊರಕದ ಗಂಡು ಪತಂಗಗಳನ್ನು ಸೆಳೆಯಲು ತೂಗುಹಾಕುವ ಮೋಹಕ ಬಲೆಯ ಹಿಂದಿರುವುದೂ ಇದೇ ತತ್ತ್ವ. ಮನೆ ಕಳೆದುಕೊಂಡ ಮೇಷ್ಟರೊಬ್ಬರು ಮೋಂಬತ್ತಿ ಬೆಳಕಿನಲ್ಲಿ ಕೇಳಿದ ಪ್ರಶ್ನೆ ಇಂದು ರೈತರ ಬೆಳೆ ಕಾಯುತ್ತಿದೆ.