ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ (1908–1980) ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿಗಳು ಹಾಗೂ ವಿಧಾನಸೌಧದ ನಿರ್ಮಾತೃ. ರಾಮನಗರ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಜನಿಸಿದ ಇವರು ವಕೀಲರಾಗಿದ್ದು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು.

ವಿದೇಶಿ ಗಣ್ಯರು ಮತ್ತು ವಿಧಾನಸೌಧ

ವಿಧಾನಸೌಧಕ್ಕೆ 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ನೆರವೇರಿಸಿದ್ದರು. 1952ರಲ್ಲಿ ಮುಖ್ಯಮಂತ್ರಿಯಾದ ಹನುಮಂತಯ್ಯನವರು ಮೂಲ ಯೋಜನೆಯನ್ನು ಬದಲಿಸಿ, ದ್ರಾವಿಡ ಶೈಲಿಯ ಬೃಹತ್ ಕಟ್ಟಡಕ್ಕೆ ರೂಪ ಕೊಟ್ಟರು. ಬೆಂಗಳೂರಿಗೆ ಬಂದಿದ್ದ ರಷ್ಯಾದ ಸಾಂಸ್ಕೃತಿಕ ನಿಯೋಗವೊಂದು ಇಲ್ಲಿನ ಐರೋಪ್ಯ ಶೈಲಿಯ ಕಟ್ಟಡಗಳನ್ನು ಕಂಡು, ಈ ನಾಡಿಗೆ ತನ್ನದೇ ವಾಸ್ತುಶಿಲ್ಪವಿಲ್ಲವೇ ಎಂದು ಕೇಳಿದ್ದೇ ಇದಕ್ಕೆ ಪ್ರೇರಣೆಯೆಂದು ಪ್ರತೀತಿಯಿದೆ.

ಸೌಧದ ಕಾಮಗಾರಿ ನಡೆಯುತ್ತಿದ್ದ 1955ರ ನವೆಂಬರ್‌ನಲ್ಲಿ ಸೋವಿಯತ್ ನಾಯಕರಾದ ನಿಕಿತಾ ಕ್ರುಶ್ಚೇವ್ ಮತ್ತು ನಿಕೊಲಾಯ್ ಬುಲ್ಗಾನಿನ್ ಬೆಂಗಳೂರಿಗೆ ಅಧಿಕೃತ ಭೇಟಿ ನೀಡಿದರು. ಬಸವನಗುಡಿಗೆ ಹೊಂದಿಕೊಂಡಿರುವ ಲಾಲ್‌ಬಾಗ್‌ನಲ್ಲಿ ಅತಿಥಿಗಳು ಸಸಿ ನೆಟ್ಟರು.

ಪದತ್ಯಾಗ ಮತ್ತು ನಂತರದ ಜೀವನ

ಹಳೆಯ ಮೈಸೂರಿನ ಹಲವು ನಾಯಕರ ವಿರೋಧವನ್ನು ಲೆಕ್ಕಿಸದೆ ಹನುಮಂತಯ್ಯನವರು ಕರ್ನಾಟಕದ ಏಕೀಕರಣವನ್ನು ಬೆಂಬಲಿಸಿದರು. ಸೌಧದ ವೆಚ್ಚವೂ ಟೀಕೆಗೆ ಗುರಿಯಾಯಿತು. ಸ್ವಪಕ್ಷೀಯ ಶಾಸಕರ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್‌ನಲ್ಲಿ ರಾಜೀನಾಮೆ ನೀಡಿದರು. ಹೀಗಾಗಿ ಅದೇ ವರ್ಷ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯಕ್ಕೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಮುಂದೆ ಹನುಮಂತಯ್ಯನವರು ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರದಲ್ಲಿ ರೈಲ್ವೆ ಸಚಿವರಾಗಿಯೂ ಸೇವೆ ಸಲ್ಲಿಸಿದರು.